ಬಾಟ್‌ಗೆ ಯಾರ ಹೆಬ್ಬೆಟ್ಟು? ಶಾನುಭೋಗರಿಂದ ಕನೆಕ್ಟರ್‌ವರೆಗೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಆಫೀಸಲ್ಲಿ ಎಕ್ಸೆಲ್ ಓಪನ್ ಮಾಡಿಟ್ಟು ಕದ್ದು ಕೇಳ್ತಿರೋರಿಗೂ ಸ್ವಾಗತ. ಈ ಸಲದ ವಿಷಯದ ಹೆಸರು ಕೇಳಿದ್ರೆ ಆಕಳಿಕೆ ಬರುತ್ತೆ: ಕನೆಕ್ಟರ್. ನಿಮ್ಮ ಆಫೀಸಿನ ಚಾಟ್‌ಬಾಟ್‌ಗೆ "ನಂಗೆ ಎಷ್ಟು ರಜೆ ಬಾಕಿ ಇದೆ" ಅಂತ ಕೇಳ್ತೀರಲ್ಲ, ಅದು ಹೋಗಿ ಎಚ್‌ಆರ್ ಸಾಫ್ಟ್‌ವೇರಿಂದ ಉತ್ತರ ತರುತ್ತಲ್ಲ, ಆ ಹೋಗಿ ಬರೋ ದಾರಿಗೆ ಕನೆಕ್ಟರ್ ಅಂತಾರೆ. ಈಗ ಅದನ್ನ ಕೋಡ್ ಬರೆಯೋರೇ ಮಾಡಬೇಕು ಅಂತಿಲ್ಲ. ಸಿದ್ಧ ಮಾಡಿಟ್ಟಿರ್ತಾರೆ, ಪಟ್ಟಿಯಿಂದ ಆರಿಸಿ, ಲಾಗಿನ್ ಆಗಿ, "ಅಲೋ" ಒತ್ತಿದ್ರೆ ಮುಗೀತು. ನನ್ನಂಥ ಬಿಕಾಂ ಮಾಡಿದವನೂ ಹತ್ತು ನಿಮಿಷದಲ್ಲಿ ಮಾಡಬಹುದು.

ಆದರೆ ಇದಕ್ಕೊಂದು ಹಿಂದಿನ ಕಥೆ ಇದೆ, ಅದು ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಲ್ಲ. ನಮ್ಮ ಹುತ್ರಿದುರ್ಗ ಹೋಬಳಿಯಿಂದಲೇ ಶುರು ಮಾಡಬಹುದು.

ಹುತ್ರಿದುರ್ಗ ಗೊತ್ತಿಲ್ಲದವರಿಗೆ: ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕು. ಬೆಟ್ಟದ ಬುಡದಲ್ಲಿ ಸಂತೇಪೇಟೆ, ಮೇಲೆ ಕೋಟೆ, ತುದೀಲಿ ಶಂಕರೇಶ್ವರನ ಗುಡಿ. ಬೆಂಗಳೂರಿನ ಸುತ್ತ ಇರೋ ನವದುರ್ಗಗಳಲ್ಲಿ ಇದೂ ಒಂದು. ಸಾವನದುರ್ಗ, ಹುಲಿಯೂರುದುರ್ಗ, ಕಬ್ಬಾಳದುರ್ಗ, ದೇವರಾಯನದುರ್ಗ ಇವೆಲ್ಲ ಅದೇ ಸಾಲಿನವು. ವೀಕೆಂಡ್ ಬಂದ್ರೆ ಬೆಂಗಳೂರಿಂದ ಬೈಕಲ್ಲಿ ಬಂದು ರೀಲ್ಸ್ ಮಾಡಿ ಹೋಗ್ತಾರೆ. ಅವರಿಗೆ ಗೊತ್ತಿರಲ್ಲ, 1791ರಲ್ಲಿ ಈ ಬೆಟ್ಟ ಒಂದು ಯುದ್ಧದ ಲೆಕ್ಕಾಚಾರದೊಳಗೆ ಇತ್ತು ಅಂತ. ಆ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿ ವಾಪಸ್ ಬಂದಿದ್ದ. ದವಸ ಇಲ್ಲ, ಎತ್ತುಗಳು ಸಾಯ್ತಿದ್ವು, ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ಹಿಂದಕ್ಕೆ ಬರಬೇಕಾಯ್ತು. ಮತ್ತೆ ಹೋಗೋ ಮೊದಲು ಅವನು ಮಾಡಿದ್ದು, ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಸಾಮಾನು ಸಾಗಿಸೋ ದಾರಿ ಮೇಲೆ ಕಣ್ಣಿಟ್ಟಿದ್ದ ದುರ್ಗಗಳನ್ನ ಹಿಡಿಯೋದು. ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. ಮೂರೇ ದಿನದಲ್ಲಿ, 24ಕ್ಕೆ, ಹುತ್ರಿದುರ್ಗವೂ ಹೋಯ್ತು. ಇದನ್ನ ಯಾಕೆ ಹೇಳ್ದೆ ಅಂದ್ರೆ, ನಮ್ಮೂರಿನ ಕಡೆ "ಎರಡು ಜಾಗದ ನಡುವಿನ ದಾರಿ ಯಾರ ಕೈಲಿದೆ" ಅನ್ನೋ ಪ್ರಶ್ನೆ ತುಂಬ ಹಳೇದು. ಅಷ್ಟೇ. ಮುಂದಕ್ಕೆ ಹೋಗೋಣ.

ನಮ್ಮ ತಾತನ ಕಾಲದಲ್ಲಿ ಊರಿನ ಕನೆಕ್ಟರ್ ಅಂದ್ರೆ ಶಾನುಭೋಗರು. ಯೋಚನೆ ಮಾಡಿ ನೋಡಿ. ಒಂದು ಕಡೆ ಹೊಲ, ಬೆಳೆ, ಯಾರು ಉಳ್ತಿದ್ದಾರೆ, ಯಾರು ಸತ್ರು, ಯಾರಿಗೆ ಭಾಗ ಆಯ್ತು ಅನ್ನೋ ಮಾಹಿತಿ. ಇನ್ನೊಂದು ಕಡೆ ತಾಲ್ಲೂಕು ಕಚೇರಿ, ಕಂದಾಯ. ನಡುವೆ ಒಬ್ಬ ಮನುಷ್ಯ, ಅವರ ಬಗಲಲ್ಲಿ ದಫ್ತರ. ರೈತನಿಗೆ ಕಚೇರಿ ಭಾಷೆ ಗೊತ್ತಿಲ್ಲ, ಕಚೇರಿಗೆ ರೈತನ ಹೊಲ ಗೊತ್ತಿಲ್ಲ. ಶಾನುಭೋಗರು ಎರಡಕ್ಕೂ ಅನುವಾದಕ. ಅವರು ಬರೆದದ್ದೇ ನಿಜ. "ಬರೆಯೋ ಕೈ ಚೆನ್ನಾಗಿದ್ರೆ ಬಾಳೋ ಮನೆ ಚೆನ್ನಾಗಿರುತ್ತೆ ಕಣೋ" ಅಂತ ತಾತ ಹೇಳೋರು, ಅರ್ಧ ತಮಾಷೆ, ಅರ್ಧ ಭಯ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು, 1963ರಲ್ಲಿ ಜಾರಿಯಾಯ್ತು. ವಂಶದಿಂದ ಬರ್ತಿದ್ದ ಶಾನುಭೋಗಿಕೆ, ಪಟೇಲಿಕೆ ಹೋದ್ವು. ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಮನುಷ್ಯ ಬದಲಾದ, ದಫ್ತರ ಬದಲಾಗ್ಲಿಲ್ಲ. ಪಹಣಿ ಕೈಬರಹದಲ್ಲೇ ಇತ್ತು. ಬ್ಯಾಂಕಲ್ಲಿ ಬೆಳೆ ಸಾಲ ಬೇಕು ಅಂದ್ರೆ ಪಹಣಿ ಬೇಕು, ಪಹಣಿ ಬೇಕು ಅಂದ್ರೆ ಲೆಕ್ಕಿಗರು ಸಿಗಬೇಕು. ಭೂಮಿ ಯೋಜನೆ ಬಗ್ಗೆ ಬಂದ ವರದಿಗಳಲ್ಲಿ ಇದರ ಲೆಕ್ಕ ಇದೆ: ಒಂದು ಪಹಣಿಗೆ 3ರಿಂದ 30 ದಿನ, ಜೊತೆಗೆ "ಕೈ ಬಿಸಿ".

ಆಮೇಲೆ ಬಂತು ಭೂಮಿ. 2000ದ ಸುಮಾರಿಗೆ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ಸಾಫ್ಟ್‌ವೇರಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹತ್ತಿಸಿದ್ರು. ತಾಲ್ಲೂಕು ಕಚೇರೀಲಿ ಒಂದು ಕಿಟಕಿ, 15 ರೂಪಾಯಿ ಕೊಟ್ರೆ ಪ್ರಿಂಟ್. ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಲ್ಲಿ ಕೈಬರಹದ ಪಹಣಿ ನಡೆಯೋ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡಿದ್ರು. ಅದು ಧೈರ್ಯದ ಕೆಲಸ ಅಂತ ನನ್ನ ಅಭಿಪ್ರಾಯ. ಎರಡೂ ನಡೀಲಿ ಅಂತ ಬಿಟ್ಟಿದ್ರೆ ಹಳೇದೇ ಗೆಲ್ತಿತ್ತು.

ಭೂಮಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ, ಅದನ್ನ ಯಾರೂ ಅಷ್ಟಾಗಿ ಹೇಳಲ್ಲ. ಕಂಪ್ಯೂಟರ್ ಮುಂದೆ ಕೂತವರು ದಾಖಲೆ ತಿದ್ದಬೇಕು ಅಂದ್ರೆ ಪಾಸ್‌ವರ್ಡ್ ಒಂದೇ ಸಾಲ್ತಿರಲಿಲ್ಲ. ಬೆರಳಚ್ಚು ಒತ್ತಬೇಕಿತ್ತು. ನೆನಪಿರಲಿ, ಆಧಾರ್ ಹುಟ್ಟೋಕೆ ಮುಂಚಿನ ಮಾತಿದು. ನಮ್ಮ ಕೈಲಿ ನೋಕಿಯಾ 3310 ಇದ್ದ ಕಾಲ. ಯಾಕೆ ಬೆರಳಚ್ಚು? ನಾಳೆ ಯಾರದೋ ಹೊಲ ಇನ್ಯಾರದೋ ಹೆಸರಿಗೆ ಹೋದ್ರೆ, "ಸಾರ್, ನನ್ನ ಪಾಸ್‌ವರ್ಡ್ ಯಾರೋ ಕದ್ದು ಹೊಡೆದಿದ್ದಾರೆ" ಅಂತ ಯಾರೂ ಹೇಳೋ ಹಾಗಿರಬಾರದು. ಪ್ರತಿ ಬದಲಾವಣೆ ಹಿಂದೆ ಒಂದು ಹೆಬ್ಬೆಟ್ಟು. ಓದು ಬರಹ ಬಾರದ ರೈತ ಕಾಗದದ ಮೇಲೆ ಒತ್ತುತ್ತಿದ್ದ ಹೆಬ್ಬೆಟ್ಟನ್ನ, ಈಗ ಓದಿದ ಅಧಿಕಾರಿ ಒತ್ತೋ ಹಾಗಾಯ್ತು. ಈ ಹೆಬ್ಬೆಟ್ಟನ್ನ ಮರೀಬೇಡಿ, ಆಮೇಲೆ ಬೇಕಾಗುತ್ತೆ.

ಭೂಮಿ ಬಂದ ಮೇಲೂ ಒಂದು ಗ್ಯಾಪ್ ಉಳಿದಿತ್ತು. ಜಮೀನು ಕೊಂಡವರು ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯಪತ್ರ ಮಾಡಿಸ್ತಾರೆ. ಆದರೆ ಪಹಣಿ ಇರೋದು ತಹಶೀಲ್ದಾರ್ ಕಚೇರೀಲಿ. ನೋಂದಣಿ ಆಯ್ತು ಅಂತ ಅಲ್ಲಿಂದ ಇಲ್ಲಿಗೆ ಜೆ ಸ್ಲಿಪ್ ಅಂತ ಒಂದು ಚೀಟಿ ಹೋಗಬೇಕು, ಆಮೇಲೆ ಮ್ಯುಟೇಶನ್, ಆಮೇಲೆ ಖಾತೆ. ಆ ಚೀಟಿ ಯಾವ ಮೇಜಿನ ಮೇಲೆ ನಿದ್ದೆ ಹೊಡೀತಿದೆ ಅಂತ ಹುಡುಕೋದೇ ಜನಗಳ ಅರ್ಧ ಆಯಸ್ಸು. ನೋಂದಣಿ ಇಲಾಖೆಗೆ ಕಾವೇರಿ ಅನ್ನೋ ಸಾಫ್ಟ್‌ವೇರ್ ಬಂತು, ಆಮೇಲೆ ಭೂಮಿಗೂ ಕಾವೇರಿಗೂ ಕೊಂಡಿ ಹಾಕಿದ್ರು. ಈಗ ಚೀಟಿ ಕಂಪ್ಯೂಟರಿಂದ ಕಂಪ್ಯೂಟರಿಗೆ ಹೋಗುತ್ತೆ. ಅಷ್ಟೇ ಅಲ್ಲ, ನೋಂದಣಿ ಮಾಡೋ ಮೊದಲೇ ಮಾರೋರ ಹೆಸರು ಪಹಣೀಲಿ ಇದೆಯಾ ಅಂತ ನೋಡೋಕೂ ಆಗುತ್ತೆ. ಟೆಕ್ ಭಾಷೇಲಿ ಇದಕ್ಕೆ ಇಂಟಿಗ್ರೇಷನ್ ಅಂತಾರೆ. ನಮ್ಮ ಭಾಷೇಲಿ, ಚೀಟಿ ಹೊತ್ಕೊಂಡು ಓಡಾಡೋ ಕೆಲಸ ತಪ್ಪಿತು.

ಎಲ್ಲಾ ಒಳ್ಳೇದೇ ಆಯ್ತಾ? ಇಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆ ಬಗ್ಗೆ ಖಾರವಾಗಿ ಬರೆದ್ರು. ಅವರ ವಾದದ ಸಾರ: ಊರಲ್ಲಿದ್ದ ಮಾಹಿತಿ ಮೇಲಕ್ಕೆ ಹೋಗಿ ಒಂದು ಕಡೆ ಸೇರಿದ್ದರಿಂದ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕೋ ದೊಡ್ಡವರಿಗೆ ಅನುಕೂಲ ಆಯ್ತು, ಸಣ್ಣ ರೈತನಿಗೆ ಅಷ್ಟಾಗಿ ಇಲ್ಲ. ಈ ವಾದವನ್ನ ಪೂರ್ತಿ ಒಪ್ಪಬೇಕು ಅಂತಿಲ್ಲ. ಆದರೆ ಮಾಗಡಿ, ಕುಣಿಗಲ್ ಕಡೆ ಹೈವೇ ಪಕ್ಕ ಇರೋ ಬೋರ್ಡ್‌ಗಳನ್ನ ನೋಡಿದವರು ನಗಾಡಿ ತಳ್ಳಿಹಾಕೋಕೂ ಆಗಲ್ಲ.

ಸರಿ, ಸರ್ಕಾರಿ ಕಚೇರಿಯಿಂದ ಅಂಗಡಿಗೆ ಬರೋಣ. ಕಾಮರ್ಸ್ ಹುಡುಗನ ಪಾಡ್‌ಕಾಸ್ಟ್ ಅಂದ್ಮೇಲೆ ಟ್ಯಾಲಿ ಬರಲೇಬೇಕು.

ಟ್ಯಾಲಿ ಬೆಂಗಳೂರಿನ ಕಂಪನಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರು ಮಾಡಿದ್ದು. ಅಪ್ಪನ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ, ಗಣಿತ ಓದಿದ ಮಗ ಬರೆದುಕೊಟ್ಟ. ಆಗ ಬೇರೆ ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಖಾತೆಗೂ ಒಂದು ನಂಬರ್ ಕೋಡ್ ಇರ್ತಿತ್ತು, ಅದನ್ನ ಬಾಯಿಪಾಠ ಮಾಡಬೇಕು. ಟ್ಯಾಲಿ ಆ ಕೋಡ್ ತೆಗೆದುಹಾಕ್ತು: ರಂಗಸ್ವಾಮಿ ಟ್ರೇಡರ್ಸ್ ಅಂತ ಹೆಸರೇ ಟೈಪ್ ಮಾಡಿ ಸಾಕು. ನೋ-ಕೋಡ್! ತಮಾಷೆ ಅಲ್ಲ, ಆ ಪದಕ್ಕೆ ಆಗ ಬೇರೆ ಅರ್ಥ ಇತ್ತು, ಆಸೆ ಮಾತ್ರ ಇದೇ. ಲೆಕ್ಕ ಬರೆಯೋರು ಕಂಪ್ಯೂಟರ್ ಭಾಷೆ ಕಲೀಬೇಕಾಗಿರಬಾರದು.

ಟ್ಯಾಲಿಗೆ ಹೊಸ ಕೆಲಸ ಕಲಿಸೋಕೆ ಟಿಡಿಎಲ್ ಅನ್ನೋ ಒಂದು ಭಾಷೆ ಇದೆ. ಅದನ್ನ ಬರೆಯೋಕೆ ನಮಗೆ ಬರಲ್ಲ, ಆದರೆ ಬರೆದಿಟ್ಟ ಫೈಲ್ ಸಿಗುತ್ತೆ. ತಂದು ಟ್ಯಾಲಿಗೆ ಸೇರಿಸಿದ್ರೆ ಇನ್‌ವಾಯ್ಸ್‌ನಲ್ಲಿ ಲಾರಿ ನಂಬರ್ ಬರುತ್ತೆ, ಚೆಕ್ ಪ್ರಿಂಟ್ ಆಗುತ್ತೆ, ಬಾಕಿ ಪಟ್ಟಿ ಬೇರೆ ತರ ಬರುತ್ತೆ. ಇದೇ ರೆಡಿಮೇಡ್ ಕನೆಕ್ಟರ್‌ನ ದೊಡ್ಡಣ್ಣ. 2023ರಲ್ಲಿ ಟ್ಯಾಲಿಪ್ರೈಮ್ 4.0 ಬಂದಾಗ ವಾಟ್ಸ್ಯಾಪ್ ನೇರ ಸೇರ್ತು, ಬಿಲ್ ಅಲ್ಲಿಂದಲೇ ಹೋಗೋಕೆ ಶುರುವಾಯ್ತು.

ಇನ್ನು ಚಾಟ್‌ಬಾಟ್ ಕಡೆ. ಇದನ್ನ ಬೇಗ ಮುಗಿಸ್ತೀನಿ, ಯೂಟ್ಯೂಬ್‌ನಲ್ಲಿ ಸಾವಿರ ವಿಡಿಯೋ ಇವೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ಎಲೈಜಾ ಮಾತಾಡ್ತಿತ್ತು, ಆದರೆ ಅದಕ್ಕೆ ಕೈಕಾಲು ಇರಲಿಲ್ಲ. ಯಾವ ಕಡತಕ್ಕೂ ಸಂಪರ್ಕ ಇಲ್ಲ, ಬರೀ ಬಾಯಿ. 2010ರಲ್ಲಿ ಐಎಫ್‌ಟಿಟಿಟಿ, 2011ರಲ್ಲಿ ಜೇಪಿಯರ್ ಬಂದ್ವು: "ಇದು ಆದ್ರೆ ಅದು ಮಾಡು" ಅಂತ ಕೋಡ್ ಇಲ್ಲದೆ ಎರಡು ಆ್ಯಪ್ ಕಟ್ಟೋ ಸೌಲಭ್ಯ. 2015ರಲ್ಲಿ ಸ್ಲ್ಯಾಕ್ ತನ್ನ ಆ್ಯಪ್ ಡೈರೆಕ್ಟರಿ ತೆರೀತು. ಆಫೀಸಿನ ಹರಟೆಕಟ್ಟೆಗೇ ಬಾಟ್‌ಗಳು ಬಂದು ಕೂತ್ಕೊಂಡ್ವು.

ನಮ್ಮಲ್ಲೂ ಕೆಲಸ ನಡೀತಿತ್ತು. 2017ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಇವಾ ಬಂತಲ್ಲ, ಅದನ್ನ ಮಾಡಿದ್ದು ಬೆಂಗಳೂರಿನ ಸೆನ್ಸ್‌ಫೋರ್ತ್. 2022ರ ನವೆಂಬರ್ 1, ರಾಜ್ಯೋತ್ಸವದ ದಿನ, ನಮ್ಮ ಮೆಟ್ರೋ ವಾಟ್ಸ್ಯಾಪ್ ಚಾಟ್‌ಬಾಟ್‌ನಲ್ಲಿ ಕ್ಯೂಆರ್ ಟಿಕೆಟ್ ಕೊಡೋಕೆ ಶುರು ಮಾಡ್ತು, ಕನ್ನಡದಲ್ಲೂ. ಅದೇ ತಿಂಗಳ ಕೊನೇಲಿ ಚಾಟ್‌ಜಿಪಿಟಿ ಬಂತು. 2023ರ ಮಾರ್ಚಿಗೆ ಅದಕ್ಕೆ ಪ್ಲಗಿನ್, ಅದೇ ನವೆಂಬರಿಗೆ ಮೈಕ್ರೋಸಾಫ್ಟ್‌ನ ಕೋಪೈಲಟ್ ಸ್ಟುಡಿಯೋ, 2024ರ ನವೆಂಬರಿಗೆ ಆಂತ್ರೋಪಿಕ್ ಕಂಪನಿಯ ಎಂಸಿಪಿ, ಅಂದ್ರೆ ಯಾವ ಬಾಟ್‌ಗೆ ಬೇಕಾದ್ರೂ ಯಾವ ಸಾಫ್ಟ್‌ವೇರ್ ಬೇಕಾದ್ರೂ ಒಂದೇ ತರ ಪ್ಲಗ್ಗಿನಲ್ಲಿ ಸಿಕ್ಕಿಸೋ ನಿಯಮ. ಇವಾ ಕಾಲದಲ್ಲಿ ಇಂಜಿನಿಯರ್‌ಗಳು ತಿಂಗಳುಗಟ್ಟಲೆ ಕೂತು ಮಾಡ್ತಿದ್ದನ್ನ ಈಗ ಅಕೌಂಟ್ಸ್ ಸೆಕ್ಷನ್‌ನ ಹುಡುಗ ಊಟದ ಬಿಡುವಿನಲ್ಲಿ ಮಾಡ್ತಾನೆ.

ಇಲ್ಲೇ ಆ ಹೆಬ್ಬೆಟ್ಟಿನ ಪ್ರಶ್ನೆ ವಾಪಸ್ ಬರೋದು. ಕನೆಕ್ಟರ್ ಸೇರಿಸೋವಾಗ "ಅಲೋ" ಒತ್ತುತ್ತೀರಲ್ಲ, ಆಗ ಏನಾಗುತ್ತೆ? ನಿಮ್ಮ ಪಾಸ್‌ವರ್ಡ್ ಬಾಟ್‌ಗೆ ಹೋಗಲ್ಲ. 2012ರಲ್ಲಿ ಪಕ್ಕಾ ಆದ ಓಆತ್ 2.0 ಅನ್ನೋ ಪದ್ಧತಿ ಪ್ರಕಾರ, ಒಂದು ಟೋಕನ್ ಹೋಗುತ್ತೆ. ಮನೆ ಬೀಗದ ಕೈ ಕೊಡೋ ಬದಲು "ಇವರು ನನ್ನ ಕಡೆಯೋರು, ಉಗ್ರಾಣದ ಬಾಗಿಲು ತೆಗೆದುಕೊಡಿ" ಅಂತ ಚೀಟಿ ಬರೆದುಕೊಟ್ಟ ಹಾಗೆ. ಚೆನ್ನಾಗಿದೆ. ಆದರೆ ಚೀಟಿ ಮೇಲೆ ಇರೋದು ನಿಮ್ಮ ಹೆಸರು. ಆಮೇಲೆ ಆ ಬಾಟ್‌ನ ಇಡೀ ಆಫೀಸು ಬಳಸಿದ್ರೆ, ಎಲ್ಲರೂ ಉಗ್ರಾಣಕ್ಕೆ ಹೋಗೋದು ನಿಮ್ಮ ಚೀಟಿ ಹಿಡ್ಕೊಂಡು! ಕೋಪೈಲಟ್ ಸ್ಟುಡಿಯೋದಂಥ ಕಡೆ ಇದಕ್ಕೆ ಎರಡು ಆಯ್ಕೆ ಇರ್ತವೆ: ಬಾಟ್ ಕೇಳೋರ ಲಾಗಿನ್‌ನಲ್ಲಿ ನಡೀಬೇಕಾ, ಅದನ್ನ ಮಾಡಿದವರ ಲಾಗಿನ್‌ನಲ್ಲಿ ನಡೀಬೇಕಾ ಅಂತ. ಎರಡನೇದು ಸುಲಭ. ಪ್ರತಿಯೊಬ್ಬರೂ ಲಾಗಿನ್ ಆಗೋ ತಲೆನೋವಿಲ್ಲ. ಅದಕ್ಕೇ ಜನ ಅದನ್ನೇ ಒತ್ತುತ್ತಾರೆ.

ನಾನು ಎರಡು ವರ್ಷ ಲೆಕ್ಕ ಬರೆದ ಒಂದು ಹೋಲ್‌ಸೇಲ್ ವ್ಯಾಪಾರದ ಆಫೀಸಲ್ಲಿ ಇದು ನಡೀತು. ಊರು, ಹೆಸರು ಬೇಡ. ಅಲ್ಲಿ ನಮ್ಮ ಸೀನಿಯರ್ ಒಬ್ಬರು, ಬಹಳ ಚುರುಕು, ಎಲ್ಲರೂ ಅಣ್ಣ ಅಂತಿದ್ವಿ. ಪ್ರತಿ ಸಂಜೆ ಟ್ಯಾಲಿಯಿಂದ ಬಾಕಿ ಪಟ್ಟಿ ತೆಗೆದು ಆನ್‌ಲೈನ್ ಶೀಟಿಗೆ ತಾನಾಗೇ ಹೋಗೋ ಹಾಗೆ ಕಟ್ಟಿದ್ರು. ಆ ಶೀಟಿಗೆ ಒಂದು ರೆಡಿಮೇಡ್ ಕನೆಕ್ಟರ್ ಹಾಕಿ ಬಾಟ್‌ಗೆ ಜೋಡಿಸಿದ್ರು. ವ್ಯಾನ್ ಡ್ರೈವರ್ ಅಂಗಡಿ ಮುಂದೆ ನಿಂತು "ಈ ಅಂಗಡಿ ಬಾಕಿ ಎಷ್ಟು" ಅಂತ ಕನ್ನಡದಲ್ಲಿ ಟೈಪ್ ಮಾಡಿದ್ರೆ ಉತ್ತರ. ಮೊದಲ ವಾರ ನಾವೆಲ್ಲ ಬೆರಗಾದ್ವಿ. ಎರಡನೇ ವಾರಕ್ಕೆ ಲೋಡಿಂಗ್ ಹುಡುಗ ಒಬ್ಬ ಸುಮ್ನೆ "ಸಂಬಳ" ಅಂತ ಟೈಪ್ ಮಾಡಿದ. ಅಣ್ಣನ ಫೋಲ್ಡರಲ್ಲಿ ಸಂಬಳದ ಶೀಟೂ ಇತ್ತು. ಬಾಟ್ ಓದಿ ಹೇಳ್ತು. ಆ ದಿನ ಊಟದ ಹೊತ್ತಲ್ಲಿ ಯಾರೂ ಯಾರ ಮುಖಾನೂ ನೋಡ್ಲಿಲ್ಲ.

ಅದನ್ನ ಸರಿ ಮಾಡಿದ್ರು. ಕೆಲವು ತಿಂಗಳಾದ ಮೇಲೆ ಅಣ್ಣ ಕೆಲಸ ಬಿಟ್ರು, ಅವರ ಲಾಗಿನ್ ಮುಚ್ಚಿದ್ರು. ಸಂಜೆ ಪಟ್ಟಿ ಹೋಗೋದು ನಿಂತ್ಹೋಯ್ತು. ಬಾಟ್ ನಿಲ್ಲಲಿಲ್ಲ! ಅದಕ್ಕೆ ಹಳೇ ಶೀಟ್ ಓದೋಕೆ ಬೇರೆ ದಾರಿ ಇತ್ತು, ಅದೇ ಧೈರ್ಯದಲ್ಲಿ ಹಳೇ ಬಾಕೀನೇ ಹೇಳ್ತಾ ಹೋಯ್ತು. ಗೌರಿ ಗಣೇಶ ಹಬ್ಬದ ಹಿಂದಿನ ವಾರ, ದುಡ್ಡು ಕಟ್ಟಿ ಮುಗಿಸಿದ್ದ ಒಂದು ಹಳ್ಳಿ ಅಂಗಡಿಯ ಯಜಮಾನಮ್ಮನಿಗೆ ಡ್ರೈವರ್ ಮಾಲು ಇಳಿಸಲಿಲ್ಲ, "ಬಾಕಿ ಇದೆ ಅಂತ ತೋರಿಸ್ತಿದೆ ಅಕ್ಕ" ಅಂದ. ಆಯಮ್ಮ ರಸೀದಿ ತೋರಿಸಿದ್ರು. ಅವನು ಮೊಬೈಲ್ ತೋರಿಸಿದ. ಮೊಬೈಲ್ ಗೆದ್ದಿತು. ಹಬ್ಬಕ್ಕೆ ಅಂಗಡೀಲಿ ಸಕ್ಕರೆ, ಎಣ್ಣೆ ಇಲ್ಲ. ಆಮೇಲೆ ಆಫೀಸಿನವರು ಕ್ಷಮೆ ಕೇಳಿದ್ರು, ಆದರೆ ಆ ಅಂಗಡಿ ನಮ್ಮ ಹತ್ರ ಮತ್ತೆ ಮಾಲು ತಗೊಳ್ಳಲಿಲ್ಲ. ಕೈಲಿ ರಸೀದಿ ಹಿಡಿದು ನಿಂತವರನ್ನ ನಂಬದೆ ಎಲ್ಲೋ ಇರೋ ದಾಖಲೆ ನಂಬೋದು, ಶಾನುಭೋಗರ ಕಾಲದ ಯಾವ ರೈತನಿಗೂ ಈ ಸೀನ್ ಹೊಸದಾಗಿ ಕಾಣ್ತಿರಲಿಲ್ಲ.

ಈ ಕಾಯಿಲೆಗೆ ಕಂಪ್ಯೂಟರ್ ಜಗತ್ತಲ್ಲಿ ಹಳೇ ಹೆಸರೇ ಇದೆ. 1988ರಲ್ಲಿ ನಾರ್ಮ್ ಹಾರ್ಡಿ ಅನ್ನೋರು ಒಂದು ಪುಟ್ಟ ಲೇಖನ ಬರೆದ್ರು, ಹೆಸರು "ಗೊಂದಲಗೊಂಡ ಗುಮಾಸ್ತ" ಅಂತ ನಾನು ಕನ್ನಡಕ್ಕೆ ತರ್ತೀನಿ. ಟೈಮ್‌ಶೇರ್ ಅನ್ನೋ ಕಂಪನೀಲಿ ಎಲ್ಲರೂ ಹಂಚಿಕೊಂಡು ಬಳಸೋ ಕಂಪ್ಯೂಟರ್ ಇತ್ತು. ಅದರಲ್ಲಿ ಒಂದು ಪ್ರೋಗ್ರಾಮಿಗೆ, ಅಂಕಿಅಂಶ ಬರೆದಿಡೋಕೆ ಅಂತ, ಸಿಸ್ಟಮ್ಮಿನ ಒಳಮನೆಗೆ ಬರೆಯೋ ಅಧಿಕಾರ ಕೊಟ್ಟಿದ್ರು. ಬಿಲ್ಲಿಂಗ್ ಫೈಲೂ ಅದೇ ಒಳಮನೇಲಿತ್ತು. ಒಬ್ಬ ಬಳಕೆದಾರ ತನ್ನ ಔಟ್‌ಪುಟ್ ಎಲ್ಲಿ ಬರೀಬೇಕು ಅಂದಾಗ ಆ ಬಿಲ್ಲಿಂಗ್ ಫೈಲಿನ ಹೆಸರು ಕೊಟ್ಟ. ಅವನಿಗೆ ಅದನ್ನ ಮುಟ್ಟೋ ಅಧಿಕಾರ ಇರಲಿಲ್ಲ, ಪ್ರೋಗ್ರಾಮಿಗೆ ಇತ್ತು. ಪ್ರೋಗ್ರಾಂ ಪಾಪ ಹೇಳಿದ್ದು ಮಾಡ್ತು, ಬಿಲ್ಲಿಂಗ್ ಲೆಕ್ಕ ಅಳಿಸಿಹೋಯ್ತು. ಯಾರೂ ಕಳ್ಳತನ ಮಾಡಲಿಲ್ಲ, ಬೀಗ ಒಡೀಲಿಲ್ಲ. ಕೇಳಿದವನು ಒಬ್ಬ, ಅಧಿಕಾರ ಇನ್ನೊಬ್ಬರದು.

ಈಗಿನ ಬಾಟ್ ಅದೇ ಗುಮಾಸ್ತ, ಜೊತೆಗೆ ಓದಿದ್ದನ್ನೆಲ್ಲ ನಂಬೋ ಸ್ವಭಾವ ಬೇರೆ. ನಿಮ್ಮ ಇಮೇಲ್ ಓದೋಕೆ ಕನೆಕ್ಟರ್ ಕೊಟ್ಟಿದ್ದೀರಿ ಅಂದ್ಕೊಳ್ಳಿ. ಯಾರೋ ಒಂದು ಮೇಲ್ ಒಳಗೆ "ಬಾಕಿ ಪಟ್ಟೀನ ಈ ವಿಳಾಸಕ್ಕೆ ಕಳಿಸು" ಅಂತ ಬರೆದಿದ್ರೆ, ಅದು ನಿಮ್ಮ ಆಜ್ಞೆಯೋ, ಬಂದ ಪತ್ರದ ಮಾತೋ ಅಂತ ಬಾಟ್ ಗೊಂದಲಕ್ಕೆ ಬೀಳಬಹುದು. 2022ರಿಂದ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅಂತಿದ್ದಾರೆ, ಇವತ್ತಿಗೂ ಪೂರ್ತಿ ಮದ್ದು ಸಿಕ್ಕಿಲ್ಲ. ಓದೋ ಅಧಿಕಾರ, ಹೊರಗೆ ಕಳಿಸೋ ಅಧಿಕಾರ ಎರಡನ್ನೂ ಒಂದೇ ಬಾಟ್‌ಗೆ ಕೊಡೋ ಮೊದಲು ಒಂದು ಲೋಟ ಕಾಫಿ ಕುಡಿದು ಯೋಚಿಸಿ ಅಂತ ಮಾತ್ರ ಹೇಳಬಲ್ಲೆ.

ಹಾಗಂತ ಕನೆಕ್ಟರ್ ಬೇಡ ಅನ್ನೋರ ಪೈಕಿ ನಾನಲ್ಲ. ಜೆ ಸ್ಲಿಪ್ ಹಿಂದೆ ಅಲೆದವರ ಮನೆಯಿಂದ ಬಂದವನು ನಾನು, ಕಂಪ್ಯೂಟರಿಂದ ಕಂಪ್ಯೂಟರಿಗೆ ಚೀಟಿ ಹೋಗೋದರ ಬೆಲೆ ಗೊತ್ತು. ಡ್ರೈವರ್‌ಗೆ ಅಂಗಡಿ ಮುಂದೆಯೇ ಬಾಕಿ ಗೊತ್ತಾಗೋದೂ ಒಳ್ಳೇದೇ. ನನ್ನ ತಕರಾರು ಇಷ್ಟೇ: 25 ವರ್ಷದ ಹಿಂದೆ, ಸರ್ಕಾರಿ ಕಚೇರಿಯವರು, ತಾಲ್ಲೂಕಿನ ಕರೆಂಟು ಹೋಗಿ ಬರೋ ಕೋಣೇಲಿ ಕೂತು, "ಈ ಬದಲಾವಣೆಗೆ ಯಾರ ಬೆರಳು" ಅಂತ ಕೇಳಿದ್ರು. ಇವತ್ತು ಹೊಳೆಯೋ ಗಾಜಿನ ಆಫೀಸಲ್ಲಿ ಬಾಟ್ ಕಟ್ಟೋರು ಅದನ್ನ ಕೇಳೋದು ಬಿಟ್ಟಿದ್ದಾರೆ. ನಿಮ್ಮ ಆಫೀಸಿನ ಬಾಟ್ ಯಾರ ಲಾಗಿನ್‌ನಲ್ಲಿ ಓಡ್ತಿದೆ ಅಂತ ನಾಳೆ ಒಂದು ಸಲ ವಿಚಾರಿಸಿ ನೋಡಿ. ಕೆಲಸ ಬಿಟ್ಟು ಹೋದವರ ಹೆಸರು ಬಂದ್ರೆ ನಂಗೆ ಆಶ್ಚರ್ಯ ಆಗಲ್ಲ. ಕೊನೇ ಸಲ ಶೀಟ್ ಯಾವಾಗ ಅಪ್‌ಡೇಟ್ ಆಯ್ತು ಅಂತ ಉತ್ತರದ ಪಕ್ಕದಲ್ಲೇ ತಾರೀಕು ತೋರಿಸೋಕೆ ಹೇಳಿ, ಅದು ಎರಡು ನಿಮಿಷದ ಕೆಲಸ.

ಆಮೇಲೆ ಒಂದು ಕೋರಿಕೆ. ನಿಮ್ಮ ಮನೆ ಟ್ರಂಕಲ್ಲಿ ಕೈಬರಹದ ಹಳೇ ಪಹಣಿ ಇದ್ರೆ, ಮನೇಲಿರೋ ಹಿರಿಯರನ್ನ ಕೂರಿಸಿ, ಅದನ್ನ ಬರೆದ ಶಾನುಭೋಗರ ಬಗ್ಗೆ ಅವರಿಗೆ ಏನು ನೆನಪಿದೆ ಅಂತ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಸರ್ವೆ ನಂಬರ್ ಮಾತ್ರ ಹೇಳಬೇಡಿ. ಮುಂದಿನ ವಾರ ಸಂತೇಪೇಟೆಯ ಸಂತೆ ಲೆಕ್ಕದ ಜೊತೆ ಬರ್ತೀನಿ.